ಗೋದಲಿಯ ಕೂಸು

ಅತ್ತೆ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಕೂಡಿಸಿದ ಪಿಂಗಾಣಿ ಗೊಂಬೆಗಳವು. ಮದುವೆಯಾಗಿ ಬಂದ ಮೊದಲ ಕ್ರಿಸ್ಮಸ್‌ಗೆ ಅವುಗಳಿಂದ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಜೋಡಿಸುವ ಕೆಲಸ ವನಿತಾಳ ಪಾಲಿಗೆ ಬಂತು. ಅವಳ ತವರಲ್ಲಿ ಈ ಹಬ್ಬವಿರಲಿಲ್ಲ. ಮೇರಿ, ಜೋಸೆಫ್, ಕುರಿಗಳು ಎಲ್ಲ ಸಿಕ್ಕವು; ಯೇಸುಕೂಸು ಮಾತ್ರ ಇಲ್ಲ. ಗೊಂಬೆಗಳ ಪೆಟ್ಟಿಗೆಯಲ್ಲಿದ್ದ ಹಳೆ ಹುಲ್ಲನ್ನು ಅವಳು ಆಗಲೇ ಬಚ್ಚಲ ಒಲೆಗೆ ಹಾಕಿಯಾಗಿತ್ತು; ಕೂಸೂ ಅದರ ಜೊತೆಗೇ ಹೋಯಿತೇನೋ.

ಅತ್ತೆ ಖಾಲಿ ತೊಟ್ಟಿಲನ್ನು ನೋಡಿದರು.

"ಚಂದ ಆಗಿದೆ. ಇಪ್ಪತ್ತನಾಲ್ಕರ ಸಂಜೆ ಎಲ್ಲ ಬರ್ತಾರೆ. ಕೂಸನ್ನು ನೀನೇ ಇಡ್ಬೇಕು."

"ನಾನಾ?"

"ಮತ್ತೆ ಯಾರು? ಯಾಕೆ, ಹೆದರಿಕೆ ಉಂಟಾ?"

ಅತ್ತೆಗೆ ಗೊತ್ತಾಗಿಬಿಟ್ಟಿದೆ, ಎಲ್ಲರೆದುರು ಮಾನ ಕಳೆಯುತ್ತಾರೆ ಎಂದುಕೊಂಡಳು. ಯಾರಿಗೂ ಹೇಳದೆ ಊರೆಲ್ಲ ಸುತ್ತಿದಳು. ಕೊನೆಗೆ ಬಂದರಿನ ಬಳಿಯ ಗುಜರಿ ಅಂಗಡಿಯಲ್ಲಿ ಬೆರಳುದ್ದದ ಪಿಂಗಾಣಿ ಕೂಸೊಂದು ಸಿಕ್ಕಿತು.

ಇಪ್ಪತ್ತನಾಲ್ಕರ ಸಂಜೆ ಪ್ರಾರ್ಥನೆ ಮುಗಿದು, ನೆಂಟರೆಲ್ಲ ಗೋದಲಿಯ ಸುತ್ತ ನಿಂತರು.

"ಬಾ ಮಗಳೇ, ಇಡು," ಎಂದರು ಅತ್ತೆ.

ವನಿತಾ ತಗ್ಗಿಸಿದ ತಲೆ ಎತ್ತದೆ, ಸೆರಗಿನ ಮರೆಯಿಂದ ಕೂಸನ್ನು ತೆಗೆದು ತೊಟ್ಟಿಲಲ್ಲಿ ಮಲಗಿಸಿದಳು. ಮೆಲ್ಲಗೆ ಕಣ್ಣೆತ್ತಿದಳು.

ಅತ್ತೆ ಅವಳತ್ತ ಚಾಚಿದ್ದ ಅಂಗೈಯಲ್ಲಿ, ಪ್ರತಿವರ್ಷ ಹುಟ್ಟುವ ದಿನದವರೆಗೂ ಕಪಾಟಿನಲ್ಲೇ ಇರುತ್ತಿದ್ದ ಯೇಸುಕೂಸು ಮಲಗಿತ್ತು.