ಕೈಯಲ್ಲುಳಿದ ಗುಲಾಮ

"ನಿನ್ನೆದುರು ಇನ್ಯಾವತ್ತೂ ಬೇಕೂಂತ ಸೋಲಲ್ಲ ಪುಟ್ಟಿ, ನನ್ನಾಣೆ," ಎಂದು ದೊಡ್ಡಪ್ಪ ಮಾತು ಕೊಟ್ಟಾಗ ತಮ್ಮನ ಮಗಳು ಇನ್ನೂ ಪುಟ್ಟವಳು. ಹದಿಮೂರು ಎಲೆ ಕೈಗೆ ಹಿಡಿಸದೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿಕೊಂಡು ಆಡುತ್ತಿದ್ದಳು. ಅವನು ಬಿಟ್ಟುಕೊಟ್ಟು ಸೋತದ್ದು ಗೊತ್ತಾಗಿ ಅಂದು ಅತ್ತೂ ಅತ್ತೂ ಮೂಗು ಕೆಂಪಾಗಿತ್ತು.

ಇಂದು ಬ್ರಿಜ್ ಫೈನಲ್ಲಿನ ಕೊನೆಯ ಆಟ. ತುರುಫಿಲ್ಲದೆ ಹದಿಮೂರರಲ್ಲಿ ಹನ್ನೆರಡು ಪಟ್ಟು ಗೆಲ್ಲುತ್ತೇನೆಂದು ಕೂಗಿದ್ದ ಅವಳು ಒಂದನ್ನಾಗಲೇ ಕಳೆದುಕೊಂಡಿದ್ದಳು. ಇನ್ನೊಂದು ಹೋದರೆ ಸೋಲು. ಈಗವಳು ಇಳಿಸಿದ ಡೈಮನ್ ಎಕ್ಕ ಗೆಲ್ಲುವುದು ಖಚಿತ, ಆಮೇಲೆ ಉಳಿಯುವುದು ಕೊನೆಯ ಪಟ್ಟು. ಎದುರಾಳಿ ದೊಡ್ಡಪ್ಪನ ಕೈಯಲ್ಲಿ ಎರಡೇ ಎಲೆ: ಆಟೀನು ರಾಜ, ಇಸ್ಪೀಟು ಗುಲಾಮ. ಅವಳ ಬಳಿ ಉಳಿದಿರುವುದು ಇಸ್ಪೀಟು ಹತ್ತು ಎಂದು ಅವನ ಎಣಿಕೆ ಹೇಳುತ್ತಿತ್ತು. ಆ ಹತ್ತನ್ನು ಹೊಡೆಯಬಲ್ಲ ಗುಲಾಮನನ್ನು ಈಗಲೇ ಎಸೆದುಬಿಟ್ಟರೆ ಅವಳಿಗೆ ಮೊದಲ ಕಪ್. ವಯಸ್ಸಾಯ್ತು ಪಾಪ, ಎಣಿಕೆ ತಪ್ಪಿತು ಅಂದುಕೊಳ್ಳುತ್ತಾರೆ, ಅಷ್ಟೇ.

"ಏನ್ ದೊಡ್ಡಪ್ಪ, ನಿದ್ದೆ ಬಂತಾ? ದಿಂಬು ತರಿಸ್ಲಾ?"

"ಸುಮ್ನಿರೇ ಬಾಯಿಬಡುಕಿ," ಎಂದವನೇ ರಾಜನನ್ನು ಎಸೆದ. ಮರುಗಳಿಗೆ ಅವಳ ಹತ್ತರ ಮೇಲೆ ಗುಲಾಮ ಬಿದ್ದ. ಅವಳು ತುಟಿ ಕಚ್ಚಿಕೊಂಡು ದೊಡ್ಡಪ್ಪನ ಕೈ ಕುಲುಕಿದಳು. ಕಣ್ಣು ತುಂಬಿತ್ತು, ಅಳಲಿಲ್ಲ.

ದೊಡ್ಡಪ್ಪ ಕೊಟ್ಟ ಮಾತು ಉಳಿಸಿಕೊಂಡ.