ರಾಣಿಯ ಕಾಲಿಗೆ ಪಿಒಪಿ

ಬಿಸಿಯಾಗಿದ್ದು ಪ್ಲಾಸ್ಟರೋ, ರಾಣಿಯ ಮೈಯೋ, ಈಗ ಖಾತ್ರಿಯಾಗಿ ಹೇಳಲಾರೆ. ಪಕ್ಕದ ಫ್ಲ್ಯಾಟಿನಲ್ಲಿ ಇಂದು ಸೀಲಿಂಗಿಗೆ ಪಿಒಪಿ ಪ್ಲಾಸ್ಟರು ಕಲಸುತ್ತಿದ್ದಾರೆ. ಆ ಹಸಿ ವಾಸನೆಗೆ ಆಂಟಾಪ್ ಹಿಲ್‌ನ ನಮ್ಮ ಒಂದೇ ಕೋಣೆಯ ಖೋಲಿಯ ಒಂದು ಮಧ್ಯಾಹ್ನ ಎದ್ದು ಬಂತು.

ಟೆಂಪೊ ತಗುಲಿ ನಮ್ಮ ನಾಯಿ ರಾಣಿಯ ಹಿಂಗಾಲು ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕೆಂದು ಡಾಕ್ಟರು ಹೇಳಿದ್ದರು. ಅಷ್ಟು ಖರ್ಚು ನಮ್ಮಿಂದಾಗುವಂತಿರಲಿಲ್ಲ. ಮನೆಮನೆಗಳ ಛಾವಣಿಗೆ ಪಿಒಪಿ ಬಳಿಯುತ್ತಿದ್ದ ಅಪ್ಪ ತನ್ನ ಕೆಲಸದ ಬಾಣಲೆ ಘಮೇಲಾದಲ್ಲೇ ಪುಡಿ ಕಲಸಿದ.

"ಅದು ಸೀಲಿಂಗ್ ಅಲ್ರಿ, ಜೀವ ಐತಿ," ಎಂದಳು ಅವ್ವ.

"ಸೀಲಿಂಗ್ ಕಚ್ಚೂದಿಲ್ಲ, ಅಷ್ಟ ಫರಕು," ಎಂದ ಅಪ್ಪ ನನ್ನತ್ತ ತಿರುಗಿ, "ನೀ ಅದರ ಬಾಯಿ ಗಟ್ಟಿ ಹಿಡಕೋ, ಯವ್ವಾ," ಎಂದ.

ಬಿದಿರು ಪಟ್ಟಿ ಕಟ್ಟಿ, ನಾರು ಸುತ್ತಿ ಮೆತ್ತಿದ. ಗಟ್ಟಿಯಾಗುತ್ತ ಪ್ಲಾಸ್ಟರು ಕಾಯತೊಡಗಿತು. ನನ್ನ ಅಂಗೈಯೊಳಗೇ ರಾಣಿ ಮುಲುಗಿ ಒದ್ದಾಡಿತು.

"ಸುಡಾಕತ್ತೈತಿ, ಕಿತ್ತು ಹಾಕ್ರಿ!" ಎಂದು ಅವ್ವ ಕೂಗಿದಳು.

"ಈಗ ಕಿತ್ತರ ಎಲುಬು ಮತ್ತ ಸರೀತೈತಿ," ಎಂದು ಅಪ್ಪ ಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ.

ಎಲುಬು ಕೂಡಿದ ಮೇಲೆ ರಾಣಿ ಕುಂಟುತ್ತ ನಡೆಯಿತು. ಆದರೆ ಆ ಹೊತ್ತು ಅದು ಒಮ್ಮೆಲೇ ಸುಮ್ಮನಾದದ್ದು ನೋವು ಇಳಿದಿದ್ದಕ್ಕೋ, ಒದ್ದಾಡಿ ಸೋತಿದ್ದಕ್ಕೋ, ನನಗೆ ಗೊತ್ತಿಲ್ಲ.