ಬರೀ ಕೌಟುಂಬಿಕ ಕಲಹ

"ಸಂಜೆಯೊಳಗೆ ಮನೆ ಖಾಲಿ ಮಾಡಬೇಕು," ಎಂದು ಮನೆಯೊಡತಿ ಮಹಡಿ ಮೆಟ್ಟಿಲ ಕೆಳಗೇ ನಿಂತು ಹೇಳಿದಳು. ಮೇಲೆ ಹತ್ತುವ ಧೈರ್ಯವಾಗಲಿಲ್ಲ. ಬಾಡಿಗೆಗಿದ್ದ ಹೊಲಿಗೆಯವಳ ಕೈಯಲ್ಲಿ ಕತ್ತರಿಯಿತ್ತು.

ನಿನ್ನೆಯವರೆಗೆ ಆ ಕತ್ತರಿ ಬಟ್ಟೆ ಕತ್ತರಿಸುತ್ತಿತ್ತು. ಇವತ್ತು ಅದು ಆಯುಧ. ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಮನೆಯೊಡತಿಯ ತಮ್ಮ, ಹೊಲಿಗೆಯವಳ ಮೇಲಿನ ಕೇಸು 'ಕೊಲೆ ಯತ್ನ'ದ್ದು ಎಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದ. ಯಾರನ್ನು, ಏಕೆ ಎಂದು ಅಕ್ಕ ಕೇಳಲಿಲ್ಲ. ಬೀದಿಗೆಲ್ಲ ಸುದ್ದಿ ಹಂಚುವ ಅವಸರ. ಮಧ್ಯಾಹ್ನದ ಹೊತ್ತಿಗೆ 'ಯತ್ನ' ದಾರಿಯಲ್ಲೆಲ್ಲೋ ಉದುರಿಹೋಗಿ ಬರೀ 'ಕೊಲೆ' ಉಳಿದಿತ್ತು. ಅವಳ ಬಳಿ ಬಟ್ಟೆ ಹೊಲಿಸಿಕೊಂಡವರಿಗೆಲ್ಲ ಅವಳ ನೋಟ ಮೊದಲಿನಿಂದಲೂ ಸರಿಯಿರಲಿಲ್ಲವೆಂದು ಈಗ ನೆನಪಾಯಿತು. ಇಂಥ ಸೆಕೆಯಲ್ಲೂ ಕುತ್ತಿಗೆ ಮುಚ್ಚುವ ಕಾಲರು ತೊಡುವವಳು ಸಭ್ಯಸ್ಥೆಯಾಗಿರುವುದುಂಟೇ?

ಹೊಲಿಗೆಯವಳು ವಾದಕ್ಕಿಳಿಯಲಿಲ್ಲ.

"ಹೊಡೆದದ್ದು ನಿಜ ಅಮ್ಮ. ಉಸಿರಾಡಬೇಕಿತ್ತು, ಅದಕ್ಕೆ."

ಹೊಸ ಮನೆಯ ವಿಳಾಸ ಹೇಳಿ, ಬಟ್ಟೆ ಕೇಳಿಕೊಂಡು ಬರುವ ಹೆಂಗಸರಿಗೆ ಬಿಟ್ಟು ಬೇರೆ ಯಾರಿಗೂ ಕೊಡಬೇಡಿ ಎಂದು ಬೇಡಿಕೊಂಡು, ಹೊಲಿಗೆ ಯಂತ್ರವನ್ನು ಗಾಡಿಗೇರಿಸಿ ಹೊರಟುಹೋದಳು.

ಮರುದಿನವೇ ಮನೆ ಕೇಳಿಕೊಂಡು ಒಬ್ಬ ಬಂದ. ಇಸ್ತ್ರಿ ಮುರಿಯದ ಅಂಗಿ, ಮೆಲುದನಿ. ಕೇಳುವ ಮೊದಲೇ ತನ್ನ ಮೇಲೊಂದು ಕೇಸಿತ್ತೆಂದು ತಾನಾಗಿಯೇ ಹೇಳಿದ.

"ಬರೀ ಕೌಟುಂಬಿಕ ಕಲಹ, ಅಮ್ಮ."

ಮನೆಯೊಡತಿಯ ಕರುಳು ಕರಗಿ ನೀರಾಯಿತು. ಜಗಳವಿಲ್ಲದ ಮನೆ ಯಾವುದಿದೆ? ಪಾಪ, ಮುಚ್ಚುಮರೆಯಿಲ್ಲದ ಮನುಷ್ಯ. ಕಾಫಿ ಕೊಟ್ಟು, ಹಿಂದಿನವಳ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದಳು. ಅವನು ಒಂದಕ್ಷರ ಬಿಡದೆ ಕೇಳಿಸಿಕೊಂಡ.

"ಅಂಥವಳು ಈಗ ಎಲ್ಲಿದ್ದಾಳೆ? ಅಲ್ಲಿನ ಜನಕ್ಕೂ ಹೇಳಬೇಕಲ್ಲ, ಹುಷಾರಾಗಿರಿ ಅಂತ."

ಎಂಥ ಕಳಕಳಿ! ಮನೆಯೊಡತಿ ಬೀದಿ, ತಿರುವು, ಬಾಗಿಲ ಬಣ್ಣ ಸಮೇತ ವಿಳಾಸ ಒಪ್ಪಿಸಿದಳು. ಸಾಮಾನು ತರುತ್ತೇನೆಂದು ಅವನು ಎದ್ದ. ಮಹಡಿಯ ಮನೆಯನ್ನು ನೋಡಲೂ ಇಲ್ಲ; ಅಷ್ಟು ನಂಬಿಕೆ.

ಆದರೂ ಒಂದು ಮಾತಿರಲಿ ಎಂದು ತಮ್ಮನಿಗೆ ಫೋನು ಮಾಡಿ, ಹೆಸರು ಕೊಟ್ಟು ಇವನ ಕೇಸನ್ನೂ ವಿಚಾರಿಸಲು ಹೇಳಿದಳು. ಸಂಜೆ ತಮ್ಮ ತಾನೇ ಓಡಿ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವನು ಎಲ್ಲಿ ಎಂದು ಕೇಳಿದ. ಆಗಲೇ ಹೋದನೆಂದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಯಾಕೋ, ಕೌಟುಂಬಿಕ ಕಲಹಾನೇ ತಾನೆ?"

"ಹೌದಕ್ಕ. ಎರಡೂ ಒಂದೇ ಅಡುಗೆಮನೆಯ ಕೇಸು. ನೀನು ಓಡಿಸಿದ್ದು ಅವನ ಹೆಂಡತೀನ."